ಮುಟ್ಟು ಕಡಿಮೆಯಾದಾಗ

ಮುಟ್ಟಿನ ಸ್ರಾವ ಹೆಚ್ಚಾದರೆ ಹೆಂಗಸರು ಗಾಬರಿಯಾಗುತ್ತಾರೆ. ಕಡಿಮೆಯಾದರೆ ಒಳಗೊಳಗೇ ಹಗುರ. ಸೊರಬದ ಕಡೆ ನಾಟಿಯ ದಿನಗಳಲ್ಲಿ ಬಗ್ಗಿ ದುಡಿಯುವವಳಿಗೆ ಒಂದು ಪೀಡೆ ತಪ್ಪಿತಲ್ಲ ಎನಿಸುವುದು ಸಹಜವೇ. ಆದರೆ ಗರ್ಭ ಇಳಿದು ‘ಕ್ಲೀನ್’ ಮಾಡಿಸಿಕೊಂಡ ಮೇಲೆ ಹೀಗಾದರೆ ಆ ನೆಮ್ಮದಿಯನ್ನು ನಂಬಬಾರದು.

ಗರ್ಭಕೋಶದ ಒಳಪದರದ ಮೇಲ್ಭಾಗ ಪ್ರತಿ ತಿಂಗಳೂ ಉದುರುತ್ತದೆ, ತಳಭಾಗ ಉಳಿದು ಮತ್ತೆ ಬೆಳೆಸುತ್ತದೆ. ಬುಡ ಉಳಿದರೆ ತಾನೇ ಕೂಳೆ ಕಬ್ಬು ಚಿಗುರುವುದು! ಈ ‘ಕ್ಲೀನ್’, ಅಂದರೆ ಡಿ ಅಂಡ್ ಸಿ, ಮಾಡುವಾಗ ಆ ತಳವೂ ಕೆರೆದುಹೋದರೆ, ಬರಿದಾದ ಎರಡು ಗೋಡೆಗಳು ಗಾಯದ ಎಳೆಗಳಿಂದ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಮುಟ್ಟು ಕಡಿಮೆಯಾಗುತ್ತದೆ. ಹೆರಿಗೆಯ ನಂತರದ ವಾರಗಳಲ್ಲಿ ಗರ್ಭಕೋಶ ಮೆತ್ತಗಿರುವುದರಿಂದ ಈ ಅಪಾಯ ಹೆಚ್ಚು. 1894ರಲ್ಲಿ ಜರ್ಮನಿಯ ವೈದ್ಯ ಫ್ರಿಟ್ಷ್ ಇದನ್ನು ಮೊದಲು ಬರೆದಿಟ್ಟರೂ ಹೆಸರು ಬಂದದ್ದು 1948ರಲ್ಲಿ ಇದನ್ನು ವಿವರವಾಗಿ ಬರೆದ ಆಶರ್‌ಮನ್ ಅವರದು. ನಮ್ಮ ದೇಶದಲ್ಲಿ ಜನನಾಂಗದ ಕ್ಷಯವೂ ಇದೇ ಗತಿ ತರುತ್ತದೆ.

ಅಂಡಾಶಯಕ್ಕೆ ಏನೂ ಆಗಿರುವುದಿಲ್ಲ. ಹಾರ್ಮೋನ್ ಪರೀಕ್ಷೆ ಸರಿಯಾಗಿಯೇ ಬರುತ್ತದೆ, ಸಾಮಾನ್ಯ ಸ್ಕ್ಯಾನಿನಲ್ಲೂ ಹಲವು ಸಲ ಗೊತ್ತಾಗುವುದಿಲ್ಲ. ಕೆಲವರಿಗೆ ತಿಂಗಳು ತಿಂಗಳೂ ಹೊಟ್ಟೆನೋವು ಬರುತ್ತದೆ, ರಕ್ತ ಮಾತ್ರ ಕಾಣುವುದಿಲ್ಲ. ಹೀಗಾಗಿ ಸುಳಿವು ಸಿಗುವುದು ಯಂತ್ರಕ್ಕಿಂತ ಮೊದಲು ಮಾತಿನಲ್ಲಿ: ಹಿಂದೆ ಗರ್ಭ ಹೋಗಿತ್ತೇ, ಕ್ಲೀನ್ ಮಾಡಿಸಿದ್ದಿರಾ? ಆ ಪ್ರಶ್ನೆ ಬರುವ ಹೊತ್ತಿಗೆ ಪಕ್ಕದಲ್ಲಿ ಅತ್ತೆ ನಿಂತಿರುತ್ತಾರೆ. ಸೊಸೆ ‘ಇಲ್ಲ’ ಎನ್ನುತ್ತಾಳೆ. ಆ ಒಂದು ‘ಇಲ್ಲ’ದಿಂದ ವರ್ಷಗಳೇ ಹೋಗಬಹುದು. ಮಗುವಿಗಾಗಿ ಚಂದ್ರಗುತ್ತಿಯ ರೇಣುಕಾಂಬೆಗೆ ಹರಕೆ ಹೊರುವುದನ್ನು ನಾನು ಹಂಗಿಸಲಾರೆ. ದೇವಿಯ ಮುಂದೆ ಹೇಳಿಕೊಳ್ಳುವಾಗಲಾದರೂ ಯಾರಿಗೂ ಅಂಜಬೇಕಿಲ್ಲ.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಮಠದಲ್ಲಿ ರೋಗಿಗಳಿಗೆ ಚಿಕಿತ್ಸೆ ಸಿಗುತ್ತಿತ್ತು ಎಂದು 1162ರ ಶಾಸನ ಹೇಳುತ್ತದೆ, ಅದನ್ನು ಇಂದಿಗೂ ಓದಬಹುದು. ಎರಡು ವರ್ಷದ ಹಿಂದಿನ ಡಿಸ್ಚಾರ್ಜ್ ಚೀಟಿ ಮಾತ್ರ ನಮ್ಮ ಮನೆಗಳಲ್ಲಿ ಸಿಗುವುದಿಲ್ಲ. ಕೆಲವೊಮ್ಮೆ ಅದನ್ನು ಬೇಕೆಂದೇ ಹರಿದಿರುತ್ತಾರೆ.

ಹಿಸ್ಟರೋಸ್ಕೋಪ್ ಎಂಬ ಸಣ್ಣ ದುರ್ಬೀನನ್ನು ಒಳಗೆ ಬಿಟ್ಟು ಅಂಟನ್ನು ಕಣ್ಣಾರೆ ನೋಡಬಹುದು, ನೋಡುತ್ತಲೇ ಬಿಡಿಸಲೂಬಹುದು. ಆಮೇಲೆ ಗೋಡೆಗಳು ಮತ್ತೆ ಕೂಡದಂತೆ ಕೆಲ ದಿನ ಬಲೂನು ಇಡುವುದುಂಟು, ಈಸ್ಟ್ರೋಜನ್ ಮಾತ್ರೆ ಕೊಡುವುದುಂಟು. ಅಂಟು ಮರಳುವುದರಿಂದ ಇನ್ನೊಮ್ಮೆ ನೋಡಬೇಕಾಗುತ್ತದೆ. ಕ್ಷಯದಿಂದ ತಳಪದರವೇ ಹಾಳಾಗಿದ್ದರೆ ಫಲ ಕಡಿಮೆ. ಮುಂದೆ ಗರ್ಭ ನಿಂತರೂ ಮಾಸು ಆಳಕ್ಕೆ ಅಂಟುವ ಅಪಾಯವಿರುವುದರಿಂದ ಹೆರಿಗೆಗೆ ರಕ್ತದ ವ್ಯವಸ್ಥೆಯಿರುವ ದೊಡ್ಡ ಆಸ್ಪತ್ರೆಯೇ ಬೇಕು. ಇನ್ನು ತಡೆಯುವ ಮಾತು: ಚೂಪು ಸಾಧನದಿಂದ ಕೆರೆಯುವುದನ್ನು ಬಿಟ್ಟು ಹೀರುವ ವಿಧಾನವನ್ನೋ ಮಾತ್ರೆಯನ್ನೋ ಬಳಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಲೇ ಬಂದಿದೆ.

ಇನ್ನೊಂದು ಮಾತನ್ನು ಯಾರೂ ಎತ್ತುವುದಿಲ್ಲ. ಕಾರಣ ಖಚಿತವಾಗಿ, ಕ್ಷಯವಿಲ್ಲವೆಂದು ಗೊತ್ತಾಗಿ, ನೋವೂ ಇಲ್ಲದೆ, ಮಕ್ಕಳೂ ಸಾಕೆನ್ನುವವಳಿಗೆ ಈ ಅಂಟನ್ನು ಬಿಡಿಸಲೇಬೇಕೆಂದಿಲ್ಲ. ಚಿಕಿತ್ಸೆ ಬೇಕೋ ಬೇಡವೋ ಎಂಬುದು ಅವಳಿಗೆ ಏನು ಬೇಕು ಎಂಬುದರ ಮೇಲೆ ನಿಂತಿದೆ. ಅದನ್ನು ಕೇಳಬೇಕಾದರೂ ಅತ್ತೆಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಬೇಕು.