ಯಾರ ಮೇಲೂ ಅನುಮಾನ ಬಾರದಿರಲಿ

ಮನೆಯಲ್ಲೇ ಫೋಟೊ ಸ್ಟುಡಿಯೊ ನಡೆಸುವವರ ಬಾಗಿಲಿಗೆ ಎರಡು ಕೆಲಸ. ಗಿರಾಕಿಗೆ ಅದು ಅಂಗಡಿ ಬಾಗಿಲು, ಮನೆಯವರಿಗೆ ತಲೆಬಾಗಿಲು. ಪಾಸ್‌ಪೋರ್ಟ್ ಅಳತೆಯ ಫೋಟೊಗೆ ಬಂದವರು, ಸೀಮಂತದ ಸೀರೆಯುಟ್ಟ ಹೆಣ್ಣುಮಗಳು, ಅವಳ ಜೊತೆಗೆ ಬಂದ ನೆಂಟರು, ಎಲ್ಲರೂ ಅದೇ ಹಜಾರ ದಾಟಿ ಒಳಗೆ ಬರಬೇಕು. ಒಳಗೆ ಲಕ್ಷಗಟ್ಟಲೆ ಬೆಲೆಯ ಕ್ಯಾಮೆರಾ, ಲೆನ್ಸು, ಲೈಟು. ಪಕ್ಕದ ಕೋಣೆಯಲ್ಲಿ ಮನೆಯ ಒಡವೆ ಇಟ್ಟ ಬೀರು. ಇಂಥ ಕಡೆ ಬೀಗ ಹಾಕಿದರೆ ಬಂದವರು ಏನಂದುಕೊಂಡಾರೋ ಎಂದು ಎಷ್ಟೋ ಜನ ಹಿಂಜರಿಯುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಬಂದವರ ಮೇಲೆ ಅನುಮಾನವಿದೆಯೆಂದು ಬೀಗ ಹಾಕುವುದಲ್ಲ. ಯಾರ ಮೇಲೂ ಅನುಮಾನ ಬಾರದಿರಲಿ ಎಂದು ಹಾಕುವುದು.

ಒಂದು ಲೆನ್ಸು ಕಾಣೆಯಾಯಿತೆನ್ನಿ. ಮೊದಲು ಕಣ್ಣು ಯಾರ ಕಡೆ ಹೋಗುತ್ತದೆ? ಕಾರಿನಲ್ಲಿ ಬಂದು ಹೋದವರ ಕಡೆ ಅಲ್ಲ. ಬೆಳಿಗ್ಗೆ ಕಸ ಗುಡಿಸಿ ಹೋದ ಹೆಂಗಸಿನ ಕಡೆ, ರಿಫ್ಲೆಕ್ಟರ್ ಹಿಡಿಯಲು ಬರುವ ಹುಡುಗನ ಕಡೆ. ಬಾಯಿಬಿಟ್ಟು ಕೇಳಬೇಕೆಂದೇನೂ ಇಲ್ಲ, ನೋಟವೇ ಸಾಕು. ಕದ್ದವನು ಮಾಡಿದ್ದು ಒಂದು ತಪ್ಪು. ಕಳೆದುಕೊಂಡವರು ಅನುಮಾನದಲ್ಲಿ ಎಷ್ಟು ಜನರನ್ನು ನೋಯಿಸುತ್ತಾರೋ ಲೆಕ್ಕವಿಲ್ಲ. ಆಮೇಲೆ ಆ ಲೆನ್ಸು ಟ್ರೈಪಾಡಿನ ಚೀಲದಲ್ಲೇ ಸಿಕ್ಕರೂ ಹುಡುಗ ಮೊದಲಿನಂತೆ ಮನಸ್ಸು ಬಿಚ್ಚಿ ಮಾತಾಡುವುದಿಲ್ಲ. ಬಡವನಿಗೆ ಅವನ ಹೆಸರೇ ಆಸ್ತಿ. ನಮ್ಮ ಅಜಾಗರೂಕತೆಯಿಂದ ಅದಕ್ಕೆ ಮಸಿ ಹತ್ತಿದರೆ, ಆ ನಷ್ಟ ತುಂಬಿಕೊಡುವ ವಿಮೆ ಯಾವುದೂ ಇಲ್ಲ.

ಮಾಡಬೇಕಾದ್ದು ಬಹಳ ದೊಡ್ಡದೂ ಅಲ್ಲ. ಬೀದಿ ಕಡೆಯ ಕೋಣೆಯನ್ನೇ ಸ್ಟುಡಿಯೊ ಮಾಡಿಕೊಂಡು, ಅಲ್ಲಿಂದ ಒಳಮನೆಗೆ ಹೋಗುವ ಬಾಗಿಲಿಗೆ ಚಿಲಕ ಹಾಕಿಡಬೇಕು. ಕೆಲಸ ಮುಗಿದ ಕೂಡಲೇ ಸಾಮಾನು ಎಣಿಸಿ ಬೀರುವಿಗೆ ಸೇರಿಸಬೇಕು, ಅದೂ ಸಹಾಯಕನ ಎದುರಿಗೇ. ಕ್ಯಾಮೆರಾ, ಲೆನ್ಸುಗಳ ಸೀರಿಯಲ್ ನಂಬರ್ ಒಂದು ಪುಸ್ತಕದಲ್ಲಿ ಬರೆದು, ಬಿಲ್ಲುಗಳನ್ನು ಜೊತೆಗಿಡಬೇಕು. ಕಳವಿನ ದೂರು ಕೊಡುವಾಗ ಅವೇ ಆಧಾರ. ಮನೆಗೆ ಮಾಡಿಸಿದ ವಿಮೆ ಸಾಮಾನ್ಯವಾಗಿ ವ್ಯಾಪಾರದ ಸಲಕರಣೆಗೆ ಅನ್ವಯಿಸುವುದಿಲ್ಲ, ಅದಕ್ಕೆ ಬೇರೆಯೇ ಬೇಕೆಂಬುದು ಎಷ್ಟೋ ಜನರಿಗೆ ಗೊತ್ತಾಗುವುದು ಕೋಟೆ ಕೊಳ್ಳೆ ಹೋದ ಮೇಲೆ. ಕರಾವಳಿ, ಮಲೆನಾಡಿನವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು. ಗಾಳಿಯಾಡದ ಬೀರುವಿನಲ್ಲಿ ಮಳೆಗಾಲವೆಲ್ಲ ಭದ್ರವಾಗಿ ಕೂತ ಲೆನ್ಸಿನ ಗಾಜಿಗೆ ಫಂಗಸ್ ಹಿಡಿಯುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ಅದು ತೇವ ಹೀರಿದಾಗಲೆಲ್ಲ ಬಿಸಿಮಾಡಿ ಒಣಗಿಸುತ್ತಿರಬೇಕು.

ಗಿರಾಕಿಗಳ ವಸ್ತುವಿನ ಮಾತೇ ಬೇರೆ. ನನಗೆ ಗೊತ್ತಿರುವ ಒಂದು ಮನೆ ಸ್ಟುಡಿಯೊದಲ್ಲಿ ನಾಮಕರಣದ ಮಗುವಿನ ಫೋಟೊ ತೆಗೆಯುತ್ತಿದ್ದರು. ಕೈಯ ಚಿನ್ನದ ಬಳೆ ಫ್ಲಾಶಿಗೆ ಹೊಳೆದು ಮುಖ ಮಂಕಾಗುತ್ತಿತ್ತು. ತೆಗೆದ ಬಳೆಯನ್ನು ಮಗುವಿನ ಅಜ್ಜಿ ಕಿಟಕಿಯ ಮೇಲಿಡಲು ಹೋದರು. ಕ್ಯಾಮೆರಾ ಹಿಡಿದಿದ್ದ ಹೆಣ್ಣುಮಗಳು ತಡೆದು, ಸ್ಟೀಲ್ ಬಟ್ಟಲೊಂದನ್ನು ತಂದುಕೊಟ್ಟಳು. “ಅಜ್ಜಿ, ಇದರಲ್ಲಿ ಹಾಕಿ ನಿಮ್ಮ ಮಡಿಲಲ್ಲೇ ಇಟ್ಕೊಳ್ಳಿ. ಹೋಗೋವಾಗ ಮಗುಗೆ ನೀವೇ ಹಾಕಿ.” ಅಜ್ಜಿಗೆ ಅದರಲ್ಲಿ ಅವಮಾನವೇನೂ ಕಾಣಲಿಲ್ಲ, ಸಮಾಧಾನವೇ ಆಯಿತು. ಪಕ್ಕದಲ್ಲಿ ಪರದೆ ಸರಿಪಡಿಸುತ್ತಿದ್ದ ಹುಡುಗನನ್ನೂ ಆ ಬಟ್ಟಲು ಕಾಯುತ್ತಿತ್ತು ಎಂದು ನಾನು ನಂಬುತ್ತೇನೆ.

ಜನ ಬಿಟ್ಟುಹೋಗುವುದು ಚಿನ್ನವನ್ನಲ್ಲ, ಮುಖವನ್ನು. ನಿಜಾಮರ ಆಸ್ಥಾನದ ಛಾಯಾಗ್ರಾಹಕ ಲಾಲಾ ದೀನ್ ದಯಾಳ್ 1892ರಲ್ಲಿ ಹೈದರಾಬಾದಿನಲ್ಲಿ ಪರ್ದಾ ಪಾಲಿಸುವ ಹೆಂಗಸರಿಗೆಂದೇ ಜನಾನಾ ಸ್ಟುಡಿಯೊ ತೆರೆದರು. ಸುತ್ತ ಎತ್ತರದ ಗೋಡೆ, ಒಳಗೆ ಕ್ಯಾಮೆರಾ ಹಿಡಿಯಲು ಕೆನ್ನಿ-ಲೆವಿಕ್ ಎಂಬ ಮಹಿಳೆ. ಚಿತ್ರ ತೆಗೆಸಿಕೊಳ್ಳುವವರ ಮಾನವೂ ಸ್ಟುಡಿಯೊದವರ ಹೊಣೆಯೆಂದು ಅವರು ಅಂದೇ ತಿಳಿದಿದ್ದರು. ಇಂದು ಆ ಹೊಣೆಯೆಲ್ಲ ಉಗುರಿನಗಲದ ಮೆಮೊರಿ ಕಾರ್ಡಿನಲ್ಲಿದೆ. ಅದನ್ನು ಟೀಪಾಯಿ ಮೇಲೆ ಬಿಟ್ಟೇಳುವುದೂ, ಚಿತ್ರಗಳನ್ನು ಒಂದೇ ಹಾರ್ಡ್ ಡಿಸ್ಕಿನಲ್ಲಿಟ್ಟು ನಿಶ್ಚಿಂತರಾಗುವುದೂ ಸರಿಯಲ್ಲ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯಿಂದ ಹೊರಗೆ: ವೃತ್ತಿಯವರು ಪಾಲಿಸುವ ಲೆಕ್ಕ ಇದು. ಕಳ್ಳತನವಾದರೂ, ಬೆಂಕಿ ಬಿದ್ದರೂ ಯಾರದೋ ಮದುವೆ ಉಳಿಯುತ್ತದೆ. ಕಂಪ್ಯೂಟರಿಗೆ ಪಾಸ್‌ವರ್ಡ್ ಇರಲಿ. ಹಳೆಯ ಕಾರ್ಡು, ಡಿಸ್ಕುಗಳನ್ನು ಪೂರ್ತಿ ಅಳಿಸದೆ ಯಾರಿಗೂ ಕೊಡಬಾರದು.

ಸಿಸಿ ಕ್ಯಾಮೆರಾ ಹಾಕಿಸುವವರಿಗೂ ಒಂದು ಮಾತು. ಅದು ಹೊರಬಾಗಿಲನ್ನು ನೋಡುತ್ತಿರಲಿ, ಇದೆ ಎಂಬುದು ಒಳಗೆ ಬರುವವರಿಗೆ ಬರಹದಲ್ಲಿ ಕಾಣಲಿ. ಸೀರೆ ಬದಲಿಸುವ ಕೋಣೆಯ ಕಡೆಗೆ, ಅಲ್ಲಿಗೆ ಹೋಗುವ ಓಣಿಯ ಕಡೆಗೂ, ಅದರ ಕಣ್ಣು ತಿರುಗಕೂಡದು. ಆ ಕೋಣೆಯ ಚಿಲಕ ಒಳಗಿನಿಂದ ಗಟ್ಟಿಯಾಗಿ ಬೀಳುತ್ತದೆಯೇ ಎಂದು ವಾರಕ್ಕೊಮ್ಮೆ ನೋಡಬೇಕು, ಸಡಿಲವಾಗಿದ್ದರೆ ಅಂದೇ ಬಡಗಿಯನ್ನು ಕರೆಸಬೇಕು.