ಅಪರಿಚಿತರ ನಡುವೆ ನಿದ್ರೆ

ಎಚ್ಚರದಲ್ಲಿರುವ ಮನುಷ್ಯನಿಗೆ ತನ್ನನ್ನು ಕಾಪಾಡಿಕೊಳ್ಳಲು ಕಣ್ಣುಂಟು, ಕೈಯುಂಟು, ಮಾತುಂಟು. ನಿದ್ರೆಯಲ್ಲಿ ಈ ಮೂರೂ ಇಲ್ಲ. ಆದಕಾರಣ ನಾವು ಯಾರ ಸಮೀಪದಲ್ಲಿ ಕಣ್ಣುಮುಚ್ಚಿ ಮಲಗುವೆವೋ ಅವರನ್ನು ನಂಬಿದೆವೆಂದೇ ಅರ್ಥ. ಮನೆಯಲ್ಲಿ ಈ ನಂಬಿಕೆ ಬಾಂಧವ್ಯದಿಂದ ಬಂದುದು. ಪರದೇಶದ ಮಹಾನಗರವೊಂದರಲ್ಲಿ, ಹೆಸರರಿಯದ ಏಳು ಮಂದಿಯೊಡನೆ ಒಂದೇ ಕೊಠಡಿಯಲ್ಲಿ ಮಲಗುವವನಿಗೆ ಅದು ಎಲ್ಲಿಂದ ಬರಬೇಕು? ಹಾಗೆ ಮಲಗಿದವರು ಒಬ್ಬರಿಗೊಬ್ಬರು ಸಲ್ಲಿಸತಕ್ಕ ಧರ್ಮವೇನಾದರೂ ಉಂಟೆ? ಈ ಪ್ರಶ್ನೆಯನ್ನು ವಾಚಕರ ಮುಂದಿಡುವೆನು.

ನಮ್ಮಲ್ಲಿ ಹಾಸ್ಟೆಲೆಂದರೆ ವಿದ್ಯಾರ್ಥಿನಿಲಯವೆಂದು ರೂಢಿ. ಲಂಡನ್ನಿನಂತಹ ಪಟ್ಟಣಗಳಲ್ಲಿ ಆ ಹೆಸರು ಅಲ್ಪವ್ಯಯದ ಪ್ರವಾಸಿಗಳು ತಂಗುವ ಮನೆಗೂ ಸಲ್ಲುತ್ತದೆ. ಅಲ್ಲಿ ಸಾಮಾನ್ಯವಾಗಿ ಬಾಡಿಗೆಗೆ ದೊರೆಯುವುದು ಕೊಠಡಿಯಲ್ಲ, ಒಂದು ಮಂಚ. ಒಂದರ ಮೇಲೊಂದಾಗಿ ಜೋಡಿಸಿದ ಮಂಚಗಳು. ಒಬ್ಬೊಬ್ಬರಿಗೂ ಒಂದು ಪೆಟ್ಟಿಗೆ. ಎಲ್ಲರಿಗೂ ಕೂಡಿ ಸ್ನಾನದ ಮನೆ, ಅಡಿಗೆಯ ಮನೆ. ಪೆಟ್ಟಿಗೆಯ ಬೀಗವನ್ನು ಅನೇಕ ಕಡೆ ತಂಗುವವನೇ ತರತಕ್ಕದ್ದು.

ಕಡಿಮೆ ಹಣದಲ್ಲಿ ಪರರಿಗೆ ಮಲಗುವ ಎಡೆ ಕಲ್ಪಿಸಿದವರಲ್ಲಿ ಇಬ್ಬರನ್ನು ಇಲ್ಲಿ ನೆನೆಯಬಹುದು. ಪ್ರಧಾನಮಂತ್ರಿ ಡಿಸ್ರೇಲಿಯ ಕಾರ್ಯದರ್ಶಿಯಾಗಿದ್ದ ಲಾರ್ಡ್ ರೌಟನ್ನನು 1892ರಲ್ಲಿ ಲಂಡನ್ನಿನ ವಾಕ್ಸ್‌ಹಾಲಿನಲ್ಲಿ ದುಡಿಯುವ ಬಡವರಿಗಾಗಿ ತಂಗುಮನೆಯೊಂದನ್ನು ತೆರೆದನು. ರಾತ್ರಿಗೆ ಆರು ಪೆನ್ನಿ ಬಾಡಿಗೆ. ಒಬ್ಬೊಬ್ಬನಿಗೂ ಅಡ್ಡಗೋಡೆಯಿಂದ ಬೇರ್ಪಡಿಸಿದ ಸಣ್ಣ ಗೂಡು. ನೆರೆಯವನ ಭಯವನ್ನು ಅವನು ಗೋಡೆಯಿಂದ ಪರಿಹರಿಸಿದನು. ಜರ್ಮನಿಯ ಉಪಾಧ್ಯಾಯ ರಿಚರ್ಡ್ ಶಿರ್ಮನ್ನನ ದಾರಿ ಬೇರೆ. 1909ರ ಆಗಸ್ಟಿನಲ್ಲಿ ಶಿಷ್ಯರೊಡನೆ ಕಾಲ್ನಡೆಯ ಪ್ರವಾಸದಲ್ಲಿದ್ದಾಗ ಗುಡುಗುಮಳೆಗೆ ಸಿಕ್ಕಿ, ಹಳ್ಳಿಯ ಶಾಲೆಯೊಂದರಲ್ಲಿ ಹುಲ್ಲು ಹಾಸಿಕೊಂಡು ರಾತ್ರಿಯನ್ನು ಕಳೆಯಬೇಕಾಯಿತು. ರಜೆಯಲ್ಲಿ ಬರಿದಾಗಿರುವ ಶಾಲೆಗಳು ಪಯಣದ ಮಕ್ಕಳಿಗೆ ಏಕೆ ತಂಗುದಾಣವಾಗಬಾರದೆಂದು ಅವನಿಗೆ ಆಗ ತೋರಿತು. 1912ರಲ್ಲಿ ಆಲ್ಟೆನಾದ ಕೋಟೆಯಲ್ಲಿ ಮೊದಲ ಸ್ಥಿರವಾದ ಯುವಜನರ ಹಾಸ್ಟೆಲು ನೆಲೆಗೊಂಡಿತು. 1930ರಲ್ಲಿ ಇಂಗ್ಲೆಂಡಿನಲ್ಲಿಯೂ ಅದಕ್ಕೊಂದು ಸಂಘವಾಯಿತು. ಇಲ್ಲಿ ಅಡ್ಡಗೋಡೆಯಿಲ್ಲ, ಸಹವಾಸವೇ ಉದ್ದೇಶ. ಈಗಿನ ಹಾಸ್ಟೆಲುಗಳಲ್ಲಿ ಲಾಭಕ್ಕಾಗಿ ನಡೆಯುವವು ಬಹಳವಿದ್ದರೂ, ಅವುಗಳ ಏರ್ಪಾಡು ಬಹುಮಟ್ಟಿಗೆ ಈ ಉಪಾಧ್ಯಾಯನ ವಂಶದ್ದೇ.

ಇಲ್ಲಿ ಪೂರ್ವಪಕ್ಷಿಯು ಹೀಗೆ ಹೇಳಬಹುದು: “ಛತ್ರದಲ್ಲಿ ಧರ್ಮಕ್ಕೆ ತಂಗಿದವನಿಗೆ ಋಣವುಂಟು. ಹಣ ತೆತ್ತವನಿಗೆ ಯಾವ ಋಣ? ಬೆಲೆ ಸಂದಿತು, ಸಂಬಂಧ ತೀರಿತು.” ಮಾಲೀಕನ ಮಟ್ಟಿಗೆ ಈ ವಾದ ಸರಿಯೇ. ಆದರೆ ಮಾಲೀಕನು ಮಾರುವುದು ಹಾಸಿಗೆಯನ್ನು. ನಿದ್ರೆಯು ಉಳಿದ ಏಳು ಮಂದಿಯ ಸಂಯಮದಿಂದ ದೊರೆಯತಕ್ಕದ್ದು; ಅವರಿಗೆ ನಾವು ಒಂದು ಕಾಸನ್ನೂ ಕೊಟ್ಟಿಲ್ಲ. ನಾನು ಲಂಡನ್ನಿನ ಇಂಥ ಮನೆಯೊಂದರಲ್ಲಿ ನಾಲ್ಕು ರಾತ್ರಿ ತಂಗಿದ್ದೆನು. ಒಂದು ರಾತ್ರಿ ಹೊತ್ತುಮೀರಿ ಬಂದವನೊಬ್ಬನು ದೀಪ ಹಾಕಿ, ಚೀಲವನ್ನೆಲ್ಲ ನೆಲಕ್ಕೆ ಸುರಿದು, ಎಲ್ಲರನ್ನೂ ಎಬ್ಬಿಸಿದನು. ಮರುರಾತ್ರಿ ಬಂದ ಇನ್ನೊಬ್ಬ ತರುಣನು ಮೊಬೈಲಿನ ಬೆಳಕನ್ನು ಅಂಗೈಯಲ್ಲಿ ಮರೆಮಾಡಿಕೊಂಡು, ಕತ್ತಲಲ್ಲಿಯೇ ಹಾಸಿಗೆ ಹಾಸಿ ಮಲಗಿದನು. ಇಬ್ಬರೂ ತೆತ್ತ ಬಾಡಿಗೆ ಒಂದೇ.

ಒಂದು ರಾತ್ರಿ ಮಾತ್ರ ತಂಗುವವನು ಅತಿಥಿಯೆಂದು ಮನುಸ್ಮೃತಿಯ ನಿರ್ವಚನ. ಅವನ ಸತ್ಕಾರದ ಭಾರ ಗೃಹಸ್ಥನದು. ಹಾಸ್ಟೆಲಿನಲ್ಲಾದರೋ ಎಲ್ಲರೂ ಅತಿಥಿಗಳು, ಗೃಹಸ್ಥನೇ ಇಲ್ಲ. ಅಷ್ಟರಿಂದ ಅವನ ಧರ್ಮವು ಲೋಪವಾಗದು; ಅಲ್ಲಿರುವವರಿಗೆಲ್ಲ ಹಂಚಿಹೋಗುತ್ತದೆಯೆಂದು ನನ್ನ ಮತ. ಅಡಿಗೆಯ ಮನೆಯಲ್ಲಿ ಇದಕ್ಕೆ ದೃಷ್ಟಾಂತವುಂಟು. ಊರು ಬಿಡುವವರು ತಮ್ಮಲ್ಲಿ ಮಿಕ್ಕ ಅಕ್ಕಿ, ಉಪ್ಪು, ಎಣ್ಣೆಗಳನ್ನು ಒಂದು ಹಲಗೆಯ ಮೇಲೆ ಇಟ್ಟುಹೋಗುವರು, ಬೇಕಾದವರು ತೆಗೆದುಕೊಳ್ಳುವರು. ಕೊಟ್ಟವನು ಯಾರೆಂದು ಉಂಡವನಿಗೆ ತಿಳಿಯದು.

ಹಾಗಾದರೆ ಬೀಗವೇಕೆ? ಅದು ನೆರೆಯವನಿಗೆ ಮಾಡಿದ ಅವಮಾನವಲ್ಲವೆ? ಅಲ್ಲವೆಂದು ತೋರುತ್ತದೆ. ತೆರೆದಿಟ್ಟ ವಸ್ತುವೊಂದು ಕಾಣದೆಹೋದರೆ ಏಳು ಮಂದಿಯೂ ಸಂಶಯಕ್ಕೆ ಗುರಿಯಾಗುವರು. ಬೀಗವು ನಮ್ಮ ಸೊತ್ತನ್ನು ಕಾಯುವಂತೆ ಅವರ ಮಾನವನ್ನೂ ಕಾಯುತ್ತದೆ. ಆದರೆ ಪೆಟ್ಟಿಗೆಗೆ ಹಾಕಿದ ಬೀಗವನ್ನು ಮೈಗೆ ಹಾಕಲಾಗದು. ಮೈಯನ್ನು ನೆರೆಯವರ ಧರ್ಮಕ್ಕೇ ಒಪ್ಪಿಸಿ ಮಲಗಬೇಕು.

ಭಾರತಯುದ್ಧದಲ್ಲಿ ಅಧರ್ಮಗಳು ಹಲವು ನಡೆದುವು. ಆದರೂ ಸೌಪ್ತಿಕಪರ್ವದಲ್ಲಿ ಅಶ್ವತ್ಥಾಮನು ಮಲಗಿದ್ದವರನ್ನು ಕೊಂದುದನ್ನು ಓದುವಾಗ ಆಗುವ ಜುಗುಪ್ಸೆ ಬೇರೆಡೆಯಲ್ಲಿ ಆಗದು. ನಿದ್ರಿತರ ವಧೆ ಧರ್ಮವಲ್ಲವೆಂದು ಸೋದರಮಾವನಾದ ಕೃಪನು ಅವನಿಗೆ ಮೊದಲೇ ಹೇಳಿದ್ದನು. ಮಲಗಿದ ಶತ್ರುವಿಗೇ ಅಷ್ಟು ಸಲ್ಲಬೇಕಾಗಿದ್ದರೆ, ನಮಗೇನೂ ಕೇಡು ಮಾಡದ ಅಪರಿಚಿತನಿಗೆ ಎಷ್ಟು ಸಲ್ಲಬೇಡ? ಪರಿಚಿತರಲ್ಲಿ ತೋರುವ ಸೌಜನ್ಯದಲ್ಲಿ ಪ್ರತಿಫಲದ ಆಸೆಯೋ ನಿಂದೆಯ ಭಯವೋ ಬೆರೆತಿರುವುದುಂಟು. ಬೆಳಗಾದರೆ ಬೇರೊಂದು ದೇಶಕ್ಕೆ ಹೋಗುವವನಲ್ಲಿ ತೋರಿದುದಕ್ಕೆ ಅವೆರಡರ ಸೋಂಕೂ ಇಲ್ಲ.

ನಮ್ಮ ಮಕ್ಕಳು ವಿದ್ಯೆಗಾಗಿಯೂ ಉದ್ಯೋಗಕ್ಕಾಗಿಯೂ ಪರದೇಶಕ್ಕೆ ಹೋಗಿ ಮೊದಲ ಕೆಲವು ರಾತ್ರಿಗಳನ್ನು ಇಂಥ ಮನೆಗಳಲ್ಲಿ ಕಳೆಯುವುದುಂಟು. ಅವರಿಗೆ ಹಣವನ್ನೂ ಬೀಗವನ್ನೂ ಕೊಟ್ಟು ಕಳುಹಿಸುವ ಹಿರಿಯರು, ಕತ್ತಲಲ್ಲಿ ಸದ್ದಿಲ್ಲದೆ ಹಾಸಿಗೆ ಹಾಸಿಕೊಳ್ಳುವುದನ್ನೂ ಕಲಿಸಿ ಕಳುಹಿಸಲಿ.