ಎರಡಕ್ಕೊಂದು ಎಂಬ ಉತ್ತರ

ಐಸೋಸ್ಪಿನ್ ಸಮಮಿತಿ ಬರೀ ಲೆಕ್ಕದ ಅನುಕೂಲ, ಅದು ಯಾವುದನ್ನೂ ವಿವರಿಸುವುದಿಲ್ಲ ಎಂಬ ಮಾತು ಕೇಳಿದಾಗಲೆಲ್ಲ ನನಗೆ ರೇಗುತ್ತದೆ. ಹೇಳುವವರು ಹೊರಗಿನವರಲ್ಲ; ವಿಚಾರ ಸಂಕಿರಣಗಳಲ್ಲಿ ನನ್ನ ಪಕ್ಕದಲ್ಲೇ ಕೂರುವ ಭೌತವಿಜ್ಞಾನಿಗಳು. ಕಣಗಳ ಕ್ಷಯದ ದರಗಳನ್ನು ಹೋಲಿಸುವಾಗ ಇದೇ ಸಮಮಿತಿಯನ್ನು ನೆಚ್ಚುತ್ತಾರೆ. ಉತ್ತರ ಸರಿಬಂದದ್ದು ಯಾಕೆ ಎಂದು ಕೇಳಿದರೆ ಮಾತ್ರ, ನಿಜವಾದ ಕಾರಣ ಕ್ವಾರ್ಕುಗಳಲ್ಲಿದೆ, ಇದೆಲ್ಲ ಮೇಲ್ಮೈಯ ಸಂಗತಿ ಎನ್ನುತ್ತಾರೆ. ಒಂದು ವಿಚಾರವನ್ನು ಚೆನ್ನಾಗಿ ದುಡಿಸಿಕೊಂಡು, ಮನ್ನಣೆಯ ಹೊತ್ತಿಗೆ ಹೊರಗೆ ನಿಲ್ಲಿಸುವುದು ಅನ್ಯಾಯ.

ವಿಷಯ ಇಷ್ಟು. ಪ್ರೋಟಾನಿನ ದ್ರವ್ಯರಾಶಿ 938.3 ಎಂಇವಿ, ನ್ಯೂಟ್ರಾನಿನದು 939.6. ಇವೆರಡನ್ನೂ ಒಂದೇ ಕಣದ ಎರಡು ಸ್ಥಿತಿಗಳೆಂದು ಎಣಿಸಬಹುದು ಎಂದು 1932ರಲ್ಲಿ ಹೈಸನ್‌ಬರ್ಗ್ ಸೂಚಿಸಿದರು. ಪ್ರಬಲ ಬಲ ಇವುಗಳ ನಡುವೆ ಭೇದ ಮಾಡುವುದಿಲ್ಲ; ಮೂರು ಪಯಾನ್‌ಗಳ ನಡುವೆಯೂ ಮಾಡುವುದಿಲ್ಲ. ಇದೇ ಐಸೋಸ್ಪಿನ್ ಸಮಮಿತಿ. ಇಷ್ಟನ್ನು ಒಪ್ಪಿದರೆ ಸಾಕು, ಧನ ಡೆಲ್ಟಾ ಕಣವು ಪ್ರೋಟಾನ್ ಮತ್ತು ತಟಸ್ಥ ಪಯಾನ್ ಆಗಿ ಒಡೆಯುವ ದರ, ನ್ಯೂಟ್ರಾನ್ ಮತ್ತು ಧನ ಪಯಾನ್ ಆಗಿ ಒಡೆಯುವ ದರದ ಎರಡರಷ್ಟಿರಬೇಕು. ಒಳಗಿನ ಬಲದ ಸೂತ್ರ ಗೊತ್ತಿರಬೇಕಾಗಿಲ್ಲ. ಭಾಗಿಸಿದಾಗ ಅದು ಹೊಡೆದುಹೋಗುತ್ತದೆ. ಇದೇ ಲೆಕ್ಕದಲ್ಲಿ, ಡೆಲ್ಟಾ ಮೂಡುವ ಶಕ್ತಿಯಲ್ಲಿ ಪ್ರೋಟಾನಿಗೆ ಧನ ಪಯಾನ್ ಢಿಕ್ಕಿಯಾಗುವ ಸಂಭವ ಋಣ ಪಯಾನಿನದಕ್ಕಿಂತ ಮೂರು ಪಟ್ಟು. ಅಳೆದರೆ ಸುಮಾರು 200 ಮಿಲಿಬಾರ್ನ್ ಮತ್ತು 70. 1952ರಲ್ಲಿ ಶಿಕಾಗೋದಲ್ಲಿ ಫರ್ಮಿಯ ತಂಡ ಕಂಡ ಅಂಕಿಗಳೂ ಈ ದಿಕ್ಕಿಗೇ ಕೈ ತೋರಿದ್ದವು. ಕ್ವಾರ್ಕ್ ಎಂಬ ಕಲ್ಪನೆ ಬಂದದ್ದು 1964ರಲ್ಲಿ.

ಸಮಮಿತಿಯನ್ನು ಸೌಂದರ್ಯದ ಹೆಸರಿನಲ್ಲಿ ಹೊಗಳುವ ಪ್ಲೇಟೋ ಪರಂಪರೆ ಒಂದಿದೆ. ಎಲ್ಲವನ್ನೂ ಅದ್ವೈತಕ್ಕೆ ಗಂಟುಹಾಕುವ ನಮ್ಮವರ ಅಭ್ಯಾಸವೂ ಇದೆ. ಎರಡರಲ್ಲೂ ನನಗೆ ಆಸಕ್ತಿಯಿಲ್ಲ. ನನ್ನನ್ನು ಕಾಡುವ ಎದುರಾಳಿ ಭೌತವಿಜ್ಞಾನಿ ಸ್ಟೀವನ್ ವೈನ್‌ಬರ್ಗ್.

ಅವರ ವಾದ ಗಟ್ಟಿಯಾದದ್ದು. ಐಸೋಸ್ಪಿನ್ ನಿಸರ್ಗದ ಮೂಲ ನಿಯಮವೇ ಅಲ್ಲ, ಒಂದು ಆಕಸ್ಮಿಕದ ಫಲ. ಅಪ್ ಕ್ವಾರ್ಕಿನ ದ್ರವ್ಯರಾಶಿ ಎರಡು ಎಂಇವಿ ಚಿಲ್ಲರೆ, ಡೌನ್ ಕ್ವಾರ್ಕಿನದು ಐದರ ಹತ್ತಿರ. ಒಂದು ಇನ್ನೊಂದರ ಎರಡರಷ್ಟು, ಅಂದರೆ ಸಮಾನತೆ ಇಲ್ಲವೇ ಇಲ್ಲ. ಆದರೆ ಪ್ರಬಲ ಬಲದ ಅಳತೆಗೋಲು ನೂರಾರು ಎಂಇವಿ. ಅದರ ಮುಂದೆ ಎರಡೂ ನಗಣ್ಯವಾದ್ದರಿಂದ ವ್ಯತ್ಯಾಸ ಕಾಣುವುದಿಲ್ಲ. ಹಾಗಿದ್ದರೆ ಐಸೋಸ್ಪಿನ್ ಪರಿಣಾಮವೇ ಹೊರತು ಕಾರಣವಲ್ಲ.

ನಾನು ಮೊದಲು ಕೊಡುತ್ತಿದ್ದ ಉತ್ತರ ನೇರ. ಕಾರಣದ ಮೂಲ ಬೇರೆ, ವಿವರಣೆ ಬೇರೆ. ಎರಡಕ್ಕೊಂದು ಎಂಬ ಪ್ರಮಾಣಕ್ಕೆ ಕ್ವಾರ್ಕುಗಳ ದ್ರವ್ಯರಾಶಿ ಇಂತಿಷ್ಟೇ ಇರಬೇಕೆಂಬ ಹಂಗಿಲ್ಲ. ಒಳಗಿನ ಯಂತ್ರವನ್ನೇ ಬದಲಿಸಿದರೂ ಸಮಮಿತಿ ಉಳಿದರೆ ಆ ಪ್ರಮಾಣ ಉಳಿಯುತ್ತದೆ. ಯಾವುದು ಬದಲಾದರೂ ಉತ್ತರ ಬದಲಾಗುವುದಿಲ್ಲವೋ ಅದನ್ನು ಉತ್ತರದ ಕಾರಣ ಎನ್ನುವುದು ಹೇಗೆ? ವೈನ್‌ಬರ್ಗ್ ಕೂಡ 1966ರಲ್ಲಿ ಪಯಾನ್‌ಗಳ ಪರಸ್ಪರ ಚದರಿಕೆಯನ್ನು ಲೆಕ್ಕಹಾಕಿದ್ದು ಇಂಥದೇ ಇನ್ನೊಂದು ಅಂದಾಜು ಸಮಮಿತಿಯಿಂದ.

ಆದರೆ ನನ್ನ ಎಂ.ಎಸ್ಸಿ. ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ ಈ ಉತ್ತರದ ಬುಡವನ್ನು ಅಲುಗಿಸಿತು. ಬೋರ್ಡಿನ ಮೇಲೆ ಫೈ ಮೆಸಾನ್ ಇತ್ತು. ಐಸೋಸ್ಪಿನ್ ಪ್ರಕಾರ ಅದು ವಿದ್ಯುದಾವೇಶದ ಕೇಯಾನ್ ಜೋಡಿಯಾಗಿಯೂ ತಟಸ್ಥ ಕೇಯಾನ್ ಜೋಡಿಯಾಗಿಯೂ ಸಮಸಮವಾಗಿ ಒಡೆಯಬೇಕು. ಅಳತೆ ಹೇಳುವುದು ನೂರಕ್ಕೆ 49 ಮತ್ತು 34. “ಸರಿಬಂದರೆ ಸಮಮಿತಿಗೆ ಜಯ, ತಪ್ಪಿದರೆ ಬೇರೆಯದರ ಮೇಲೆ ದೂರು. ಹಾಗಾದರೆ ಅದು ಸೋಲುವುದು ಯಾವಾಗ ಸರ್?” ಎಂದಳು.

ಫೈ ಕಣದ ದ್ರವ್ಯರಾಶಿ 1019.5 ಎಂಇವಿ. ಆವೇಶದ ಜೋಡಿಗೆ ಕೊಟ್ಟ ಮೇಲೆ ಉಳಿಯುವ ಶಕ್ತಿ 32, ತಟಸ್ಥ ಜೋಡಿಗಾದರೆ 24. ನಮ್ಮ ಹಳೆಯ ಮನೆಯ ಅಡುಗೆಕೋಣೆಗೆ ಗಿಡ್ಡ ಬಾಗಿಲು. ನನಗೂ ನನ್ನ ತಮ್ಮನಿಗೂ ಒಂದಂಗುಲದ ಅಂತರ. ಅಂಗಳದಲ್ಲಿ ಅದು ಯಾರ ಕಣ್ಣಿಗೂ ಬೀಳದು, ಆ ಬಾಗಿಲಲ್ಲಿ ಮಾತ್ರ ಅವನು ನೇರ ನಡೆಯುತ್ತಾನೆ, ನಾನು ತಲೆ ಬಗ್ಗಿಸಬೇಕು. ಕೇಯಾನ್‌ಗಳ ನಾಲ್ಕು ಎಂಇವಿ ವ್ಯತ್ಯಾಸವೂ ಹೊಸ್ತಿಲ ಬಳಿ ಹಾಗೆ ದೊಡ್ಡದಾಗುತ್ತದೆ. ಇದು ನೆವವಲ್ಲ. ಫೈ ಕಣದ ಸ್ಪಿನ್ ಒಂದು. ಆದ್ದರಿಂದ ದರವು ಸಂವೇಗದ ಘನಕ್ಕೆ ಅನುಗುಣ. 127ಕ್ಕೆ 110 ಎಂಬ ಸಂವೇಗಗಳ ಅನುಪಾತದ ಘನ 1.5ರ ಸುತ್ತಮುತ್ತ. ಅಳತೆಯ ಅನುಪಾತ 1.45. ತಿದ್ದುಪಡಿಯನ್ನು ಅಳತೆ ನೋಡಿ ಹೊಲಿದದ್ದಲ್ಲ ಎಂದು ಅವಳಿಗೆ ಹೇಳಿದೆ.

ಆದರೂ ಉಳಿದ ಬಿರುಕು ಮುಚ್ಚಿಲ್ಲ. ಆವೇಶದ ಕೇಯಾನ್‌ಗಳ ನಡುವಿನ ವಿದ್ಯುತ್ ಆಕರ್ಷಣೆಯನ್ನು ಸೇರಿಸಿದರೆ ಲೆಕ್ಕದ ಅಂಕಿ ಇನ್ನೂ ಮೇಲೇರುತ್ತದೆ, ಅಳತೆಯಿಂದ ಮತ್ತಷ್ಟು ದೂರ. ಎಷ್ಟು ದೂರವಾದರೆ ಕೈಬಿಡಬೇಕು ಎಂಬುದನ್ನು ಸಮಮಿತಿ ತಾನೇ ಹೇಳುವುದಿಲ್ಲ. ಅದನ್ನು ಹೇಳಬಲ್ಲದ್ದು ಒಳಗಿನ ಯಂತ್ರ, ಅಂದರೆ ವೈನ್‌ಬರ್ಗ್ ಬೆರಳು ತೋರಿದ ಜಾಗ. ಈಟಾ ಮೆಸಾನ್ ಇದನ್ನೇ ಹೇಳುತ್ತದೆ. ಐಸೋಸ್ಪಿನ್ ಪೂರ್ತಿ ನಿಜವಾಗಿದ್ದರೆ ಅದು ಮೂರು ಪಯಾನ್‌ಗಳಾಗಿ ಒಡೆಯಕೂಡದು. ಒಡೆಯುತ್ತದೆ, ನೂರಕ್ಕೆ 55ರಷ್ಟು ಸಲ. ಕ್ಷಯದ ದರವನ್ನು ಸೂಚಿಸುವ ಅದರ ಒಟ್ಟು ಅಗಲವೇ 1.3 ಕೆಇವಿ, ಎಂದರೆ ಆ ಕ್ಷಯ ಬಲು ನಿಧಾನ ಎಂಬುದು ನನ್ನ ಕಡೆಯ ಸಮಾಧಾನ. ಆದರೆ ಆ ನಿಧಾನ ಎಷ್ಟೆಂಬುದನ್ನು ಅಳೆದುಕೊಡುವುದು ಎರಡು ಕ್ವಾರ್ಕುಗಳ ದ್ರವ್ಯರಾಶಿಯ ಅಂತರ. ಸಮಮಿತಿಯ ಗಡಿಯನ್ನು ಕಾಯುವುದು ಅದು ಮರೆಯಲು ಬಯಸಿದ ಸಂಗತಿಯೇ. ಇಷ್ಟು ನೆಲವನ್ನು ನಾನು ಬಿಟ್ಟುಕೊಡುತ್ತೇನೆ.

ಇನ್ನೊಂದು ಕಷ್ಟ ಇದಕ್ಕಿಂತ ದೊಡ್ಡದು. ಲ್ಯಾಮ್ಡಾ ಕಣ ಪ್ರೋಟಾನಿನತ್ತ ನೂರಕ್ಕೆ 64, ನ್ಯೂಟ್ರಾನಿನತ್ತ 36 ಪಾಲು ಒಡೆಯುತ್ತದೆ; ಇದೂ ಎರಡಕ್ಕೊಂದರ ಆಸುಪಾಸು, ಡೆಲ್ಟಾದ ಲೆಕ್ಕಕ್ಕೆ ಬಳಸಿದ ಐಸೋಸ್ಪಿನ್ ಗುಣಾಂಕಗಳ ಕೋಷ್ಟಕದಿಂದಲೇ ಬಂದದ್ದು. ಇಲ್ಲಿ ಕೆಲಸ ಮಾಡುವುದು ಮಾತ್ರ ದುರ್ಬಲ ಬಲ; ಅದಕ್ಕೆ ಐಸೋಸ್ಪಿನ್ನಿನ ಗೊಡವೆಯೇ ಇಲ್ಲ. ಐಸೋಸ್ಪಿನ್ ಅರ್ಧದಷ್ಟೇ ಬದಲಾಗುವ ದಾರಿಯನ್ನು ಈ ಕ್ಷಯಗಳು ಯಾಕೋ ಬಲವಾಗಿ ಆರಿಸಿಕೊಳ್ಳುತ್ತವೆ. ಕೇಯಾನ್‌ಗಳಲ್ಲಿ ಆ ಒಲವು ಆಂಪ್ಲಿಟ್ಯೂಡಿನ ಲೆಕ್ಕದಲ್ಲಿ ಸುಮಾರು 22 ಪಟ್ಟು. ಇತ್ತೀಚೆಗೆ ಸೂಪರ್‌ಕಂಪ್ಯೂಟರಿನ ಲ್ಯಾಟಿಸ್ ಗಣನೆಗಳು ಸರಿಸುಮಾರು ಆ ಅಂಕಿಯನ್ನೇ ಕೊಟ್ಟಿವೆ. ಡೆಲ್ಟಾದಲ್ಲಿ ಯಂತ್ರವನ್ನು ನೋಡದೆ ಕಾರಣ ಸಿಕ್ಕಿತು. ಕೇಯಾನಿನಲ್ಲಿ ಯಂತ್ರವನ್ನೆಲ್ಲ ಓಡಿಸಿದ ಮೇಲೆ ಅಂಕಿ ಸಿಕ್ಕಿತು. ಯಾಕೆ ಎಂದು ಕೇಳಿದರೆ ತೋರಿಸಲು ನನ್ನ ಬಳಿ ಆ ಗಣನೆಯಷ್ಟೇ ಇದೆ.

ಸಮಮಿತಿ ಬರೀ ಅನುಕೂಲವಲ್ಲ ಎಂಬ ಮಾತನ್ನು ನಾನು ಈಗಲೂ ಬಿಡುವುದಿಲ್ಲ. ಆದರೆ ಎರಡಕ್ಕೊಂದು ಎಂದು ಬೋರ್ಡಿನ ಮೇಲೆ ಬರೆದಾಗ, ಆ ಉತ್ತರದ ಹಿಂದಿರುವುದು ನಿಯಮವೋ ಬರಿಯ ಒಲವೋ ಎಂದು ಅಂಕಿಯನ್ನು ನೋಡಿ ಹೇಳಲಾರೆ. ಅದನ್ನು ತಿಳಿಯಲು ಒಳಗಿನ ಬಲ ಯಾವುದೆಂದು ನೋಡಲೇಬೇಕು. ಹಾಗೆ ನೋಡಿದ ಮೇಲೂ ವಿವರಣೆ ಸಮಮಿತಿಯದೇ ಎನ್ನುವ ಹಕ್ಕು ನನಗೆ ಎಷ್ಟು ಉಳಿದಿದೆ ಎಂಬುದು ನನ್ನಲ್ಲಿ ಇನ್ನೂ ತೀರ್ಮಾನವಾಗಿಲ್ಲ.